ಮರೆತುಬಿಡಿ ಎಂದ ಮಾತುಗಾರ

ಇಲಾಲಿಯೋ ತನ್ನ ವಿಷಯದಲ್ಲಿ ತಾನೇ ಸಾಕಿಕೊಂಡಿದ್ದ ಭ್ರಮೆಗಳು ಹಲವಿದ್ದವು. ಅವುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಮೇಯ್ದು ಕೊಬ್ಬಿದ್ದು, ತಾನು ವಿಶಾಲ ಮನಸ್ಸಿನವನು ಎಂಬ ಭ್ರಮೆ. ಇಪ್ಪತ್ತಾರು ವರ್ಷ ಹಡಗುಗಳ ಅಡಿಗೆಮನೆಗಳಲ್ಲಿ, ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳಲ್ಲಿ, ಆಕ್ಲೆಂಡಿನ ಕಸಾಯಿಖಾನೆಯಲ್ಲಿ ಅಲೆದವನು ಆತ. ಹಿಂದೂಗಳ ಜೊತೆ ಕೂತು ಈರುಳ್ಳಿ ಹೆಚ್ಚಿದ್ದ, ಮುಸಲ್ಮಾನರ ಜೊತೆ ಸಿಗರೇಟು ಹಂಚಿಕೊಂಡಿದ್ದ, ಒಬ್ಬ ಬೌದ್ಧನಿಗೆ ಇಸ್ಪೀಟಿನಲ್ಲಿ ತನ್ನ ಬೂಟುಗಳನ್ನು ಸೋತಿದ್ದ. ಇಷ್ಟೆಲ್ಲ ಆದ ಮೇಲೂ ಮನಸ್ಸು ವಿಶಾಲವಾಗದೆ ಉಳಿಯುವುದು ಹೇಗೆ ಸಾಧ್ಯ ಎಂಬುದು ಆತನ ತರ್ಕ.

ಎಂಟು ತಿಂಗಳ ಹಿಂದೆ ಚಿಕ್ಕಪ್ಪ ತೀರಿಕೊಂಡಾಗ, ಮನೆತನದ ಮಾತುಗಾರನ ಪದವಿ ಆತನನ್ನು ಹುಡುಕಿಕೊಂಡು ಬಂತು; ಅದನ್ನು ಹಿಡಿದುಕೊಂಡು ಆತ ಸಮೋವಾ ದೇಶದ ಸವಾಯಿ ದ್ವೀಪದ ಸಾಫೋಲು ಊರಿಗೆ ಮರಳಿದ. ಊರಕೂಟದಲ್ಲಿ ಪದವಿಯುಳ್ಳ ಒಡೆಯರು ತಮ್ಮ ಹೊಗಳಿಕೆಯನ್ನು ತಾವೇ ಆಡಿಕೊಳ್ಳುವ ಹಾಗಿಲ್ಲ. ಮಾತುಗಾರ ತನ್ನ ಪದವಿಯ ಗುರುತಾದ ಚೌರಿಯನ್ನು ಹೆಗಲಿಗೇರಿಸಿಕೊಂಡು ಅವರ ಪರವಾಗಿ ಬಾಯಿ ತೆರೆಯಬೇಕು. ಬಾಯಿ ತೆರೆಯುವ ಕೆಲಸಕ್ಕೆ ತನಗಿಂತ ಯೋಗ್ಯನು ಹುಟ್ಟಿಲ್ಲವೆಂಬುದು ಇಲಾಲಿಯೋನ ಎರಡನೆಯ ಭ್ರಮೆ.

ಚುನಾವಣೆ ಹತ್ತಿರ ಬಂದಿತ್ತು. ಐದು ಹಳ್ಳಿಗಳ ಆ ಕ್ಷೇತ್ರದಲ್ಲಿ ನಿಂತವರು ಇಬ್ಬರು. ಒಬ್ಬ ಬಸ್ಸಿನ ಮಾಲೀಕ ಲಾಫೋಗಾ. ಊರಿನ ಮುಕ್ಕಾಲುಪಾಲು ಜನ ಸೇರಿದ ದೊಡ್ಡ ಕ್ರೈಸ್ತ ಸಭೆಯ ಹಿರಿಯ, ಭಾನುವಾರ ಚರ್ಚಿನಲ್ಲಿ ಮುಂದಿನ ಬೆಂಚಿನವನು. ಇನ್ನೊಬ್ಬ ಮನಾಸೆ, ವಾರದ ಏಳನೆಯ ದಿನವನ್ನು ಪವಿತ್ರವೆಂದು ಪಾಲಿಸುವ, ಹಂದಿಮಾಂಸ ಮುಟ್ಟದ ಸಣ್ಣ ಸಭೆಯವನು. ಮನಾಸೆಯ ಹೆಂಡತಿ ಫೇತೂ, ಇಲಾಲಿಯೋನ ಒಡಹುಟ್ಟಿದ ತಂಗಿ. ಸೋಮವಾರ ಊರಕೂಟ ಸೇರಿ ಯಾರ ಹೆಸರು ಹೇಳುತ್ತದೋ, ಊರಿನ ಮುನ್ನೂರು ಮತ ಅವನ ಪೆಟ್ಟಿಗೆಗೆ ಒಂದೇ ಗಂಟಾಗಿ ಬೀಳುವುದು ವಾಡಿಕೆ.

ಗುರುವಾರ ಮಧ್ಯಾಹ್ನ ಫೇತೂ ಅಣ್ಣನ ಮನೆಗೆ ಬಂದಳು. ಇಲಾಲಿಯೋನ ಹೆಂಡತಿ ಲುಪೆ ಚಾಪೆ ಹಾಸಿದಳು.

“ಅಣ್ಣಾ, ಒಂದು ಕೆಲ್ಸ ಆಗ್ಬೇಕಿತ್ತು.”

“ಹೇಳಮ್ಮಾ. ತಂಗಿ ಕೇಳಿದ್ಮೇಲೆ ಇಲ್ಲ ಅನ್ನೋಕಾಗತ್ತಾ?” ಎಂದ ಇಲಾಲಿಯೋ. ಅದು ಔದಾರ್ಯದ ಮಾತಲ್ಲ. ತಂಗಿಯ ಕೋರಿಕೆಯನ್ನು ಅಣ್ಣ ತಳ್ಳಿಹಾಕುವಂತಿಲ್ಲ, ಅವಳ ಮನಸ್ಸು ನೊಂದರೆ ಅವನ ಮನೆ ಬೆಳಗದು ಎಂಬುದು ಆ ನೆಲದ ಕಟ್ಟು.

“ಸೋಮವಾರ ಕೂಟದಲ್ಲಿ ಇವರ ಪರವಾಗಿ ನೀನು ಮಾತಾಡ್ಬೇಕು. ಮಿಕ್ಕ ಮಾತುಗಾರರೆಲ್ಲ ಲಾಫೋಗಾನ ಬಸ್ಸಲ್ಲಿ ಬಿಟ್ಟಿ ಓಡಾಡೋರು. ಜಾಸ್ತಿ ಏನೂ ಬೇಡಣ್ಣ. ಇವರು ಏನು ಮಾಡಿದಾರೆ ಅಂತ ಊರಿಗೇ ಗೊತ್ತು. ಅದನ್ನ ಸ್ವಲ್ಪ ನೆನಪು ಮಾಡ್ಕೊಟ್ರೆ ಸಾಕು.”

“ಅದು ಬಿಡು. ನಿನ್ನ ಗಂಡನ ಧರ್ಮದ ವಿಚಾರ...”

“ಧರ್ಮದ ಮಾತು ಈಗ ಯಾರು ಎತ್ತಿದ್ರು?”

“ಯಾರೂ ಎತ್ತಿಲ್ಲ. ಎತ್ತೇ ಎತ್ತುತ್ತಾರೆ, ನೋಡ್ತಿರು! ಅದಕ್ಕೇ ಮೊದಲು ನಾನೇ ಎತ್ತಿ, ನೆಲಕ್ಕೆ ಬಡಿದು ಬಿಸಾಕ್ತೀನಿ.”

ಫೇತೂ ಅತ್ತಿಗೆಯ ಮುಖ ನೋಡಿದಳು.

“ನನ್ನ ಮುಖ ಯಾಕಮ್ಮಾ ನೋಡ್ತೀಯ?” ಎಂದಳು ಲುಪೆ. “ಕೆಮ್ಮೋಕೂ ಮುನ್ನುಡಿ ಹಾಕೋ ಮನುಷ್ಯ ಇವರು. ಊರಲ್ಲಿ ಬೇರೆ ಯಾರ ಬಾಯೂ ಸಿಗ್ಲಿಲ್ವಾ ನಿಂಗೆ?”

ಆ ಮೂರು ದಿನ ಇಲಾಲಿಯೋ ಕಡಲದಂಡೆಯಲ್ಲಿ ಅಲೆಗಳನ್ನು ಎದುರಿಗೆ ಕೂರಿಸಿಕೊಂಡು ಭಾಷಣ ಕಟ್ಟಿದ. ಹಡಗಿನಲ್ಲಿ ರಾತ್ರಿಪಾಳಿ ಮುಗಿಸಿದವರು ಬಿಟ್ಟುಹೋಗುತ್ತಿದ್ದ, ರಟ್ಟು ಹರಿದ ಪತ್ತೇದಾರಿ ಕಾದಂಬರಿಗಳಲ್ಲಿ ವಕೀಲರು ನ್ಯಾಯಾಲಯವನ್ನೇ ಅಳಿಸುವ ಪುಟಗಳು ಆತನಿಗೆ ಬಾಯಿಪಾಠವಾಗಿದ್ದವು. ಸೋಮವಾರ ತಾನು ಅಳಿಸಬೇಕಾದವರ ಸಾಲನ್ನು ಕಲ್ಪಿಸಿಕೊಂಡು ಆತ ಒಂದೆರಡು ಸಲ ತಾನೇ ಕಣ್ಣೊರೆಸಿಕೊಂಡ.

ಸೋಮವಾರ ಗೋಡೆಯಿಲ್ಲದ ಕೂಟದ ಮನೆಯಲ್ಲಿ ಒಡೆಯರು ಒಬ್ಬೊಬ್ಬರು ಒಂದೊಂದು ಕಂಬಕ್ಕೆ ಒರಗಿ ಕುಳಿತರು. ಅವಾ ಬೇರಿನ ಪಾನೀಯ ಚಿಪ್ಪಿನಲ್ಲಿ ಸರದಿಯಂತೆ ಸುತ್ತಿತು. ಲಾಫೋಗಾ ಒಂದು ತುದಿಯಲ್ಲಿ, ಮನಾಸೆ ಇನ್ನೊಂದು ತುದಿಯಲ್ಲಿ. ಕೂಟದ ಹಿರಿಯ ಒಡೆಯ ತುಯಿಫಾ, ಜಿಲ್ಲಾ ಆಸ್ಪತ್ರೆಗೆ ಎರಡು ವರ್ಷದಿಂದ ವೈದ್ಯರಿಲ್ಲದ ಸಂಗತಿಯನ್ನು ಪಕ್ಕದವನೊಡನೆ ಮೆಲ್ಲಗೆ ಆಡಿಕೊಳ್ಳುತ್ತಿದ್ದ. ಇಲಾಲಿಯೋ ಚೌರಿಯನ್ನು ಹೆಗಲಿಗೆ ಬೀಸಿದಾಗ ಆ ಮಾತು ನಿಂತಿತು.

“ಒಡೆಯರೇ, ಮನಾಸೆ ನಮ್ಮ ಸಭೆಯವನಲ್ಲ. ಮರೆತುಬಿಡಿ! ಅವನು ಪ್ರಾರ್ಥನೆಗೆ ಕೂರೋದು ನಾವು ಕೂರೋ ಮನೇಲಲ್ಲ. ಮರೆತುಬಿಡಿ! ನಾವು ಭಾನುವಾರ ಬೆಳ್ಳಗೆ ಉಟ್ಟು ದೇವರ ಮುಂದೆ ಕೂತಾಗ ಅವನು ತೋಟದಲ್ಲಿ ಕೆಸುವಿನ ಗೆಡ್ಡೆ ಕೀಳ್ತಿರ್ತಾನೆ. ನಾವು ಶನಿವಾರ ಬಟ್ಟೆ ಒಗೆಯುವಾಗ ಅವನು ಬೆಳ್ಳಗೆ ಉಡ್ತಾನೆ. ಏನಾಯ್ತು? ಮರೆತುಬಿಡಿ!”

ಇಲ್ಲಿ ಒಡೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮನಾಸೆ ತನ್ನ ಪಾದಗಳನ್ನು ನೋಡಿಕೊಂಡ. ತನ್ನ ಮಾತು ಎದೆಗೆ ನಾಟಿತೆಂದು ಇಲಾಲಿಯೋ ಉಬ್ಬಿದ.

ಮುಂದೆ ಒಂದು ಗಂಟೆ ಆತ ಲೋಕವನ್ನೇ ಸುತ್ತಿ ಬಂದ. ಮುಸಲ್ಮಾನ ನಾವಿಕನ ಪ್ರಾಮಾಣಿಕತೆ, ಕಸಾಯಿಖಾನೆಯ ಸಿಖ್ ಮೇಸ್ತ್ರಿಯ ಕರುಣೆ, ಬೂಟು ಗೆದ್ದೂ ಒಂದನ್ನು ಹಿಂದಿರುಗಿಸಿದ ಬೌದ್ಧನ ವೈರಾಗ್ಯ, ಯಾವುದನ್ನೂ ಬಿಡಲಿಲ್ಲ. ಕೊನೆಗೆ ಸ್ವರವನ್ನು ಪಾತಾಳಕ್ಕಿಳಿಸಿ, “ಮನಾಸೆ ಹಂದಿ ತಿನ್ನೋದಿಲ್ಲ. ಅದನ್ನೂ ಮರೆತುಬಿಡಿ!” ಎಂದು ಮುಗಿಸಿದ. ‘ಮರೆತುಬಿಡಿ’ ಎಂದು ಹನ್ನೊಂದು ಸಲ ಹೇಳಿದ್ದೆನೆಂದು ಆಮೇಲೆ ಲೆಕ್ಕ ಹಾಕಿದಾಗ ಆತನಿಗೇ ಹೊಳೆಯಿತು. ಮರೆಯಿರಿ ಎಂದು ಹನ್ನೊಂದು ಸಲ ಕೇಳಿಸಿಕೊಂಡವನು ಸಾಯುವ ತನಕ ಮರೆಯಲಾರ.

ಮನಾಸೆ ಹಂದಿ ತಿನ್ನದಿರುವುದು ಊರಿಗೆ ಇಪ್ಪತ್ತು ವರ್ಷದಿಂದ ಗೊತ್ತಿತ್ತು. ಆದರೆ ಗೊತ್ತಿದ್ದುದನ್ನು ಯಾರೂ ಹೀಗೆ ತಟ್ಟೆಯಲ್ಲಿಟ್ಟು ಕೂಟದ ನಡುವೆ ತಂದಿರಲಿಲ್ಲ. ತುಯಿಫಾ ಗಡ್ಡ ಕೆರೆದುಕೊಂಡ.

“ಅಲ್ಲ, ಒಂದು ಮಾತು. ಊರ ಹಬ್ಬದೂಟದ ದಿನ ಪಾರ್ಲಿಮೆಂಟಿನವನಿಗೆ ಹಂದಿ ಬೆನ್ನಿನ ಪಾಲು ಹೋಗ್ಬೇಕು. ಇವನು ತಿನ್ನಲ್ಲ. ಹಾಗಾದ್ರೆ ಆ ಪಾಲು ಯಾರಿಗೆ?”

“ಅದೇ ಮತ್ತೆ!” ಎಂದ ಇನ್ನೊಬ್ಬ ಮಾತುಗಾರ. “ಕೊಟ್ಟಿದ್ದನ್ನ ಅವನು ತಿನ್ನದಿದ್ರೆ ಕೊಟ್ಟೋರಿಗೆ ಅವಮಾನ. ಕೊಡದೇ ಇದ್ರೆ ಅವನಿಗೆ ಅವಮಾನ. ಕೋಳಿ ಕೊಟ್ಟು ಕಳಿಸಿದ್ರೆ ಹಂದಿಗೇ ಅವಮಾನ!”

“ಹೆಂಡ್ತಿ ಕಡೆಯವ್ರಿಗೆ ಕೊಡೋದು,” ಎಂದ ಮತ್ತೊಬ್ಬ ಒಡೆಯ.

“ಹೆಂಡ್ತಿ ಕಡೆ ಅಂದ್ರೆ ಯಾರು? ಈ ಇಲಾಲಿಯೋನೇ! ಓಹೋ, ಈಗ ಗೊತ್ತಾಯ್ತು ಒಂದು ಗಂಟೆ ಯಾಕೆ ಒದರಿದ ಅಂತ. ಬೆನ್ನಿನ ಪಾಲಿನ ಮೇಲೆ ಕಣ್ಣು!”

ಕೂಟದ ಮನೆ ನಗೆಯಿಂದ ಅಲುಗಾಡಿತು. ಹೊತ್ತು ನೆತ್ತಿಯಿಂದ ಇಳಿಯುವ ತನಕ ಹಂದಿಯ ಪಾಲಿನ ಚರ್ಚೆ ನಡೆಯಿತು. ವೈದ್ಯರಿಲ್ಲದ ಆಸ್ಪತ್ರೆ ಯಾರ ಬಾಯಿಗೂ ಮರಳಿ ಬರಲಿಲ್ಲ. ಲಾಫೋಗಾ ತಾನು ತಯಾರಿಸಿಕೊಂಡು ತಂದಿದ್ದ ಮಾತುಗಾರನನ್ನು ಎಬ್ಬಿಸುವ ಗೋಜಿಗೇ ಹೋಗಲಿಲ್ಲ. ತನ್ನ ಕೆಲಸವನ್ನು ಎದುರಾಳಿಯ ಮಾತುಗಾರ ಇಷ್ಟು ಚೊಕ್ಕವಾಗಿ ಮುಗಿಸಿಕೊಟ್ಟಾಗ ಆ ತೊಂದರೆ ಏಕೆ? ತೀರ್ಮಾನವನ್ನು ಮುಂದಿನ ಮಂಗಳವಾರಕ್ಕೆ ಹಾಕಿ ಕೂಟ ಎದ್ದಿತು.

ಹೊರಗೆ ಮನಾಸೆ ಭಾವನ ಬಳಿಗೆ ಬಂದ. ಬೈಗುಳಕ್ಕೆ ಸಿದ್ಧನಾಗಿ ಇಲಾಲಿಯೋ ಕಣ್ಣುಮುಚ್ಚಿದ.

“ಗಂಟಲು ನೋಯ್ತಿರ್ಬೇಕು ಭಾವ,” ಎಂದ ಮನಾಸೆ. “ಬಿಸಿನೀರಿಗೆ ಉಪ್ಪು ಹಾಕಿ ಮೂರು ಹೊತ್ತು ಮುಕ್ಕಳಿಸಿ.”

ಬೈದಿದ್ದರೆ ಸುಖವಿತ್ತು. ಬುಧವಾರ ಅಂಗಡಿಯ ಮುಂದೆ ಫೇತೂ ಎದುರಾದಳು. ಅಣ್ಣನನ್ನು ಕಂಡವಳೇ ದಾರಿ ದಾಟಿ ಆಚೆ ಬದಿಗೆ ಹೋದಳು. ಅಂಗಡಿಯವಳು ಅಕ್ಕಿ ಅಳೆಯುವುದನ್ನು ನಿಲ್ಲಿಸಿ ನೋಡಿದಳು. ತಂಗಿ ದಾರಿ ದಾಟಿಹೋದ ಅಣ್ಣನಿಗೆ ಆ ಊರಿನಲ್ಲಿ ಅನ್ನವಿದೆ, ನೀರಿದೆ, ಮುಖ ಮಾತ್ರ ಇರುವುದಿಲ್ಲ. ಇಲಾಲಿಯೋನಿಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ನಿದ್ದೆ ಬಾರದವನು ಯೋಚಿಸುತ್ತಾನೆ. ಇಲಾಲಿಯೋ ಯೋಚಿಸುವುದೆಂದರೆ ಊರಿಗೆ ಕೇಡು.

“ಶನಿವಾರ ಬೆಳಗಿನ ಜಾವ ಚಾಪೆ ಹೊದ್ದು ಕೂರ್ತೀನಿ,” ಎಂದ ಹೆಂಡತಿಗೆ.

ಅದು ಅಲ್ಲಿನ ಕ್ಷಮಾಪಣೆಯ ಕ್ರಮಗಳಲ್ಲಿ ಕೊನೆಯದು. ಅಪರಾಧ ಮಾಡಿದವನು ಸೂರ್ಯ ಹುಟ್ಟುವ ಮೊದಲು, ನೊಂದವರ ಮನೆಯ ಮುಂದೆ, ಮನೆತನದ ನಯಚಾಪೆಯನ್ನು ತಲೆಯಿಂದ ಹೊದ್ದು, ತುಟಿ ಬಿಚ್ಚದೆ ನೆಲದ ಮೇಲೆ ಕೂರಬೇಕು. ಮನೆಯವರು ಬಂದು ಚಾಪೆ ಎತ್ತಿದರೆ ಕ್ಷಮಿಸಿದಂತೆ. ಎತ್ತುವ ತನಕ ಅಲುಗಾಡುವಂತಿಲ್ಲ.

“ಅದು ಕೊಲೆ ಮಾಡ್ದೋರು ಮಾಡೋದಲ್ವೇನ್ರೀ?”

“ನಾನು ಮಾಡಿದ್ದು ಅದಕ್ಕಿಂತ ಕಮ್ಮಿಯಾ?”

“ಸರಿ, ಶನಿವಾರವೇ ಯಾಕೆ?”

“ಅವರ ಪವಿತ್ರ ದಿನ ಕಣೇ. ಕೆಲಸಕ್ಕೆ ಹೋಗೋ ಹಾಗಿಲ್ಲ, ಮನೇಲೇ ಇರ್ತಾರೆ. ದೇವರ ದಿನ ಬಾಗಿಲಿಗೆ ಬಂದೋನನ್ನ ಕಾಯಿಸ್ತಾರಾ?”

ಲುಪೆ ಏನೋ ಹೇಳಲು ಬಾಯಿ ತೆರೆದಳು. ಗಂಡನ ಮುಖದ ಮೇಲಿದ್ದ ಜ್ಞಾನದ ಕಳೆಯನ್ನು ನೋಡಿ ಮತ್ತೆ ಮುಚ್ಚಿಕೊಂಡಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಒಮ್ಮೆಯಾದರೂ ಸುಮ್ಮನಿದ್ದು ನೋಡಬೇಕೆಂದು ಅವಳಿಗೂ ಆಸೆ ಇತ್ತೋ ಏನೋ.

ಶನಿವಾರ ಕೋಳಿ ಕೂಗುವ ಮುಂಚೆ ಇಲಾಲಿಯೋ ಊರ ಮೇಲ್ಭಾಗದಲ್ಲಿದ್ದ ತಂಗಿಯ ಮನೆಯ ಮುಂದೆ ಕುಳಿತ. ಗೋಡೆಯ ಬದಲಿಗೆ ಸುತ್ತಲೂ ಕಟ್ಟಿದ್ದ ತೆರೆಚಾಪೆಗಳು ಇಳಿದಿದ್ದವು; ಒಳಗೆ ಸದ್ದಿಲ್ಲ. ಮಲಗಿದ್ದಾರೆಂದುಕೊಂಡ. ಬೆಳಕು ಹರಿಯಿತು. ಪ್ರಾರ್ಥನೆಯಲ್ಲಿದ್ದಾರೆಂದುಕೊಂಡ. ಬಿಸಿಲು ಬಲಿಯಿತು. ದೀರ್ಘ ಪ್ರಾರ್ಥನೆಯವರೆಂದು ಮೆಚ್ಚಿಕೊಂಡ. ಬಿಸಿಲಿಗೆ ಕಾದ ಚಾಪೆಯ ಒಳಗೆ ಮನುಷ್ಯ ಎಲೆಯಲ್ಲಿ ಸುತ್ತಿ ಕಲ್ಲಿನೊಲೆಗಿಟ್ಟ ಮೀನಿನಂತೆ ಬೇಯುತ್ತಾನೆ ಎಂಬ ಹೊಸ ತಿಳಿವಳಿಕೆ ಬಂತು. ಒಂದು ಹೇಂಟೆ ಬಂದು ನೆರಳಿಗಾಗಿ ಮಂಡಿಯ ಪಕ್ಕ ಕೂತಿತು.

ದಾರಿಯಲ್ಲಿ ಬಟ್ಟೆಯ ಬುಟ್ಟಿ ಹೊತ್ತ ಹೆಂಗಸರ ಸದ್ದು ಕೇಳಿತು.

“ಅಯ್ಯೋ, ಯಾರೇ ಅದು ಚಾಪೆ ಒಳಗೆ? ಯಾರು ಸತ್ರು?”

“ಕಾಲ್ಬೆರಳು ನೋಡು, ಇಲಾಲಿಯೋನ ಹಾಗಿದೆ.”

“ಅವನು ಯಾರನ್ನ ಕೊಂದ?”

“ಸೋಮವಾರ ಒಂದು ಗಂಟೆ ಮಾತಾಡಿದ್ನಂತಲ್ಲ. ಯಾರೋ ವಯಸ್ಸಾದೋರು ಹೋಗ್ಬಿಟ್ಟಿರ್ಬೇಕು.”

ಸಂತೆಯ ಬಸ್ಸು ಬಂತು. ಲಾಫೋಗಾನ ಬಸ್ಸು ಅಷ್ಟು ನಿಧಾನವಾಗಿ ಹೋದದ್ದನ್ನು ಇಲಾಲಿಯೋ ಅದುವರೆಗೆ ಕೇಳಿರಲಿಲ್ಲ. ಕಿಟಕಿಗಳಿಂದ ತೂರಿ ಬಂದ ಪಿಸುಮಾತು, ಆಮೇಲೆ ನಗು, ಹಾಗೆಯೇ ಮುಂದಿನ ನಾಲ್ಕು ಹಳ್ಳಿಗಳ ಕಡೆಗೆ ಸಾಗಿತು.

ಹನ್ನೊಂದು ಗಂಟೆಯ ಸುಮಾರಿಗೆ ಗುಡ್ಡದ ಕಡೆಯಿಂದ ಹೆಜ್ಜೆ ಸಪ್ಪಳವಾಯಿತು. ಗೆಡ್ಡೆಯ ಬುಟ್ಟಿಯೊಂದು ದೊಪ್ಪೆಂದು ನೆಲಕ್ಕಿಳಿಯಿತು.

“ಅಣ್ಣಾ?” ಫೇತೂಳ ದನಿ. “ಎಷ್ಟೊತ್ತಿಂದ ಕೂತಿದ್ದೀಯ?”

ಮಾತಾಡುವಂತಿಲ್ಲವೆಂಬ ನಿಯಮ ಇಲಾಲಿಯೋನಿಗೆ ನೆನಪಿತ್ತು, ಆದರೆ ನಾಲಿಗೆಗೆ ನೆನಪಿರಲಿಲ್ಲ. “ನಾಲ್ಕೂವರೆಯಿಂದ. ನೀವು ಒಳಗೆ ಪ್ರಾರ್ಥನೆ ಮಾಡ್ತಿರ್ಲಿಲ್ವಾ?”

“ತೋಟದಲ್ಲಿದ್ವಿ. ಇವತ್ತು ಶನಿವಾರ!”

“ಅದಕ್ಕೇ ಅಲ್ವಾ ಬಂದಿದ್ದು?”

 ಫೇತೂ, ಮಂದಮತಿಯ ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದಳು. ಆತ ಊರಲ್ಲಿಲ್ಲದ ಕಾಲದಲ್ಲಿ ಸರ್ಕಾರ ಭೂಪಟದಲ್ಲಿ ತಾರೀಖು ಬದಲಾಗುವ ಗೆರೆಯನ್ನು ದ್ವೀಪಗಳ ಆಚೆಗೆ ಸರಿಸಿ, ವರ್ಷದ ಕೊನೆಯ ಒಂದು ಶುಕ್ರವಾರವನ್ನು ಇಡಿಯಾಗಿ ನುಂಗಿಹಾಕಿತ್ತು. ಗುರುವಾರ ಮಲಗಿದ ಸಮೋವಾ ಶನಿವಾರ ಎದ್ದಿತು. ಏಳನೆಯ ದಿನದವರು ಮಾತ್ರ ನುಂಗಿದ ದಿನವನ್ನೂ ಸೇರಿಸಿ ಏಳು ಎಣಿಸಿದರು; ಅದುವರೆಗೆ ಶನಿವಾರವಿದ್ದ ಅವರ ಏಳನೆಯ ದಿನ ಅಂದಿನಿಂದ ಭಾನುವಾರದ ಹೆಸರಿನಲ್ಲಿ ಬರುತ್ತಿತ್ತು. ಅಷ್ಟು ವರ್ಷಗಳಿಂದ ಮನಾಸೆ, ಫೇತೂ ಬೆಳ್ಳಗೆ ಉಟ್ಟು ಮೇಲಿನ ದಾರಿಯಲ್ಲಿ ಪಕ್ಕದ ಊರಿನ ತಮ್ಮ ಚರ್ಚಿಗೆ ಹೋಗುತ್ತಿದ್ದುದು, ಕೆಳಗಿನ ದಾರಿಯಲ್ಲಿ ಇಡೀ ಊರು ಬೆಳ್ಳಗೆ ಉಟ್ಟು ಹೋಗುತ್ತಿದ್ದ ಅದೇ ದಿನ.

“ಸೋಮವಾರ ಇವರು ಭಾನುವಾರ ಗೆಡ್ಡೆ ಕೀಳ್ತಾರೆ ಅಂತ ಕೂಟದ ಮುಂದೆ ಹೇಳ್ದೆ. ಎಲ್ರಿಗೂ ಗೊತ್ತು ಸುಳ್ಳು ಅಂತ. ಮಾತುಗಾರನ ಮಾತು ನಡುವೆ ಕತ್ತರಿಸಬಾರದಲ್ಲ, ಸುಮ್ನಿದ್ರು. ಹೋಗ್ಲಿ, ಅದು ಬಿಡು.” ಫೇತೂ ಚಾಪೆಯ ಹತ್ತಿರಕ್ಕೆ ಬಂದಳು. “ಇಪ್ಪತ್ತೆರಡು ವರ್ಷ ಇವರು ಜಿಲ್ಲಾ ಆಸ್ಪತ್ರೇಲಿ ನರ್ಸಾಗಿದ್ರು. ಡಾಕ್ಟ್ರು ಇಲ್ದಿರೋ ರಾತ್ರಿಗಳಲ್ಲಿ ಅರ್ಧ ಊರಿಗೆ ಹೊಲಿಗೆ ಹಾಕಿದಾರೆ. ಒಂದು ಗಂಟೆ ಮಾತಾಡಿದ್ಯಲ್ಲ ಅಣ್ಣಾ, ಅದನ್ನ ಒಂದ್ಸಲ ಹೇಳಿದ್ಯಾ?”

ಇಲಾಲಿಯೋ ಚಾಪೆಯ ಕತ್ತಲಲ್ಲಿ ತನ್ನ ಭಾಷಣವನ್ನು ಮೊದಲಿನಿಂದ ಕೊನೆಯವರೆಗೆ ಹುಡುಕಿದ. ಸಿಖ್ ಮೇಸ್ತ್ರಿ ಸಿಕ್ಕಿದ, ಬೂಟು ಸಿಕ್ಕಿತು. ಮನಾಸೆ ಸಿಗಲಿಲ್ಲ. ಆತನ ವಿಷಯದಲ್ಲಿ ತನಗೆ ಗೊತ್ತಿದ್ದುದು ಎರಡೇ ಸಂಗತಿ, ಎರಡೂ ಧರ್ಮದ್ದು. ಅವುಗಳಲ್ಲೂ ಒಂದು ತಪ್ಪು. ಮತದಾರರು ಧರ್ಮ ನೋಡಬಾರದೆಂದು ಸಾರಿದವನು ಬೇರೇನನ್ನೂ ನೋಡಿರಲಿಲ್ಲ.

“ಇಲ್ಲ,” ಎಂದ. ಆತನ ಜೀವಮಾನದಲ್ಲಿ ಅಷ್ಟು ಚಿಕ್ಕ ಮಾತು ಆಡಿದ್ದು ಅದೇ ಮೊದಲಿರಬೇಕು.

ಮನಾಸೆ ಮುಂದೆ ಬಂದು ಚಾಪೆಗೆ ಕೈಹಚ್ಚಿದ. ಫೇತೂ ತಡೆದಳು. “ತಡೀರಿ. ಮೊದಲು ಒಪ್ಕೊಳ್ಲಿ. ಮತ ಹಾಕೋ ಶುಕ್ರವಾರದ ತನಕ ಊರಲ್ಲಿ ಬಾಯಿ ಬಿಡ್ಬಾರ್ದು. ಒಂದು ಅಕ್ಷರ ಕೂಡ.”

“ತಂಗೀ, ಈ ನಿನ್ನ ಷರತ್ತನ್ನ ನಾನು ತಲೆಮೇಲೆ ಹೊತ್ತು...”

“ಅಣ್ಣಾ!”

ಚಾಪೆ ಮೇಲಕ್ಕೂ ಕೆಳಕ್ಕೂ ಅಲುಗಿತು. ಒಳಗಿನ ತಲೆ ಒಪ್ಪಿತೆಂದು ಎಲ್ಲರೂ ತಿಳಿದರು. ಮನಾಸೆ ಚಾಪೆ ಎತ್ತಿದ, ನಾಡಿ ಹಿಡಿದು ನೋಡಿದ, ಎಳನೀರು ಕೊಟ್ಟ.

ಮಂಗಳವಾರ ಕೂಟದಲ್ಲಿ ಇಲಾಲಿಯೋ ತನ್ನ ಕಂಬಕ್ಕೆ ಒರಗಿ, ತುಟಿ ಬಿಗಿದು ಕುಳಿತ. ಅವನ ಸರದಿ ಬಂತು. ಕೂಟ ಕಾಯಿತು.

“ಏನಪ್ಪಾ, ಇವತ್ತು ಮುನ್ನುಡಿ ಇಲ್ವಾ?” ಎಂದ ಆ ಇನ್ನೊಬ್ಬ ಮಾತುಗಾರ. “ಮಾತು ಬಿಟ್ಟಿರೋದು ಅವರ ಸಭೆಯ ವ್ರತ ಏನಾದ್ರೂ ಇರ್ಬೇಕು. ತಂಗಿ ಗಂಡನೇ ಇವನನ್ನ ಸೇರಿಸ್ಕೊಂಡ್ಬಿಟ್ಟಿದಾನೆ ನೋಡಿ!”

ಇಲಾಲಿಯೋನ ಗಂಟಲಲ್ಲಿ ಕನಿಷ್ಠ ಮೂರು ಉತ್ತರಗಳು ಒಂದರ ಮೇಲೊಂದು ಹತ್ತಿ ಬಂದವು. ಹೊರಗೆ ಹಲಸಿನ ಜಾತಿಯ ದೊಡ್ಡ ಮರದ ನೆರಳಲ್ಲಿ ಹೆಂಗಸರ ನಡುವೆ ಫೇತೂ ಕುಳಿತಿದ್ದಳು. ಆತ ಮೂರನ್ನೂ ನುಂಗಿದ. ಮೂರನೆಯದು ಇಳಿಯುವಾಗ ಕಣ್ಣಲ್ಲಿ ನೀರು ಬಂತು.

ಮಾತುಗಾರ ಬಿಟ್ಟುಕೊಟ್ಟ ಆ ಖಾಲಿ ಹೊತ್ತಿನಲ್ಲಿ ಏನು ಮಾಡುವುದೆಂದು ಯಾರಿಗೂ ತೋಚಲಿಲ್ಲ. ತುಯಿಫಾ ಮಗ್ಗುಲು ಬದಲಿಸಲು ಹೋಗಿ ಮಂಡಿ ಹಿಡಿದುಕೊಂಡು ನರಳಿದ. ಪಂಚೆ ಸರಿಸಿ ಮಂಡಿ ಉಜ್ಜಿಕೊಂಡ. ಅಲ್ಲಿ ಒಂದು ಗೇಣುದ್ದದ ಕಲೆ.

“ಇದು ಸುಂಟರಗಾಳಿ ವರ್ಷದ್ದು,” ಎಂದ ಯಾರನ್ನೂ ಉದ್ದೇಶಿಸದೆ. “ತಗಡು ಹಾರಿಬಂದು ಹೊಡೀತು. ಡಾಕ್ಟ್ರು ಆಚೆ ದ್ವೀಪದ ಆಪಿಯಾದಲ್ಲಿ, ದೋಣಿ ಇಲ್ಲ. ಮನಾಸೆನೇ ಹೊಲಿದ. ಹದಿನಾಲ್ಕು ಹೊಲಿಗೆ.”

“ನಂದು ಇಪ್ಪತ್ತೊಂದು,” ಎಂದು ಮೂಲೆಯ ಒಡೆಯನೊಬ್ಬ ತೋಳು ಮುಂದೆ ಚಾಚಿದ. “ಟಾರ್ಚು ಬಾಯಲ್ಲಿ ಕಚ್ಕೊಂಡು ಹೊಲಿದಿದ್ದು.”

“ಅದೇನು ಮಹಾ! ನಂದು ತಲೆ.”

“ನಿನ್ನ ತಲೇಲಿ ಹೊಲಿಯೋಕೆ ಏನಿತ್ತೋ?”

ಅರ್ಧ ಗಂಟೆಯಲ್ಲಿ ಗೌರವಾನ್ವಿತ ಊರಕೂಟ ಗಾಯದ ಸಂತೆಯಾಯಿತು. ಒಡೆಯರು ಮೊಣಕೈ, ಹಿಮ್ಮಡಿ, ಭುಜ ಬಿಚ್ಚಿ ತೋರಿಸಿದರು. ಹೊಲಿಗೆಗಳನ್ನು ಎಣಿಸಿ ಪಂಥ ಕಟ್ಟಿದರು. ಗೇಲಿ ಮಾಡಿದ್ದ ಆ ಮಾತುಗಾರನನ್ನು “ನಿಂದೆಲ್ಲಪ್ಪಾ?” ಎಂದು ಕೇಳಿದರೆ, “ಕೂಟದಲ್ಲಿ ತೋರ್ಸೋ ಜಾಗ ಅಲ್ಲ. ಹಂದಿ ಬೇಟೇಲಿ ಆಗಿದ್ದು,” ಎಂದು ತಲೆ ತಗ್ಗಿಸಿದ. ಕೂಟದಲ್ಲಿ ಕಲೆಯಿಲ್ಲದವನೆಂದರೆ ಊರಲ್ಲಿಲ್ಲದೆ ಅಲೆದ ಇಲಾಲಿಯೋ ಒಬ್ಬನೇ. ಮನಾಸೆ ಮಾತ್ರ ತುಯಿಫಾನ ಮಂಡಿಯನ್ನೇ ನೋಡುತ್ತ, “ಒಡೆಯಾ, ಅದು ಊದಿದೆ. ಸಂಜೆ ಬಂದು ನೋಡ್ತೀನಿ,” ಎಂದ.

ಕೊನೆಗೆ ತುಯಿಫಾ ಪಂಚೆ ಇಳಿಬಿಟ್ಟು ತೀರ್ಮಾನ ಹೇಳಿದ: ಈ ಸಲ ಕೂಟ ಯಾರ ಹೆಸರನ್ನೂ ಹೇಳುವುದಿಲ್ಲ, ಅವರವರ ಕೈ, ಅವರವರ ಮತ. ಹೊರಗೆ ಫೇತೂ ಅಣ್ಣನ ಕಡೆ ನೋಡಿದಳು. ದಾರಿ ದಾಟಲಿಲ್ಲ.

ಶುಕ್ರವಾರದ ಎಣಿಕೆಯಲ್ಲಿ ಸಾಫೋಲುವಿನ ಪೆಟ್ಟಿಗೆ ಮನಾಸೆಯದಾಯಿತು. ಕ್ಷೇತ್ರ ಮಾತ್ರ ಲಾಫೋಗಾನದು, ಮೂವತ್ತೊಂದು ಮತದ ಅಂತರದಲ್ಲಿ. ಆ ಸೋಮವಾರದ ಭಾಷಣ ಮತ್ತು ಹಂದಿಯ ಪಾಲಿನ ಕಥೆ ಬಸ್ಸಿನಲ್ಲಿ ಕೂತು ಉಳಿದ ನಾಲ್ಕು ಹಳ್ಳಿಗಳನ್ನು ಎಂದೋ ತಲುಪಿದ್ದವು. ಮಂಗಳವಾರದ ಮೌನಕ್ಕೆ ಬಸ್ಸು ಸಿಕ್ಕಿರಲಿಲ್ಲ. ಹದಿನಾರು ಜನ ಮನಸ್ಸು ಬದಲಿಸಿದ್ದರೆ ಸಾಕಿತ್ತು. ಆ ಹದಿನಾರು ಜನರನ್ನು ತಾನೇ ಕೈಹಿಡಿದು ಆಚೆಗೆ ದಾಟಿಸಿದೆನೆಂದು ಇಲಾಲಿಯೋನಿಗೆ ಗೊತ್ತಿತ್ತು. ಫೇತೂಳಿಗೂ ಗೊತ್ತಿತ್ತು, ಅವಳು ಅದನ್ನು ಹೇಳಲಿಲ್ಲ.

ಮರುವಾರ ಮನಾಸೆ ಎಂದಿನಂತೆ ಔಷಧಿಯ ತಗಡಿನ ಪೆಟ್ಟಿಗೆ ಹಿಡಿದು ಪಕ್ಕದ ಹಳ್ಳಿಗೆ ಹೊರಟಾಗ, ಇಲಾಲಿಯೋ ಯಾರೂ ಕರೆಯದೆಯೇ ಹಿಂದೆ ಹೊರಟ. ಅಲ್ಲಿ ಒಬ್ಬ ಮುದುಕಿಯ ಕಾಲಿನ ಹುಣ್ಣು ವಾಸಿಯಾಗದೆ ಆರು ತಿಂಗಳಾಗಿತ್ತು. ಮನಾಸೆ ನೆಲಕ್ಕೆ ಕೂತು ಹಳೆಯ ಪಟ್ಟಿ ಬಿಚ್ಚಿದ.

“ಬೇಜಾರು ಮಾಡ್ಕೋಬೇಡ ಮಗಾ,” ಎಂದಳು ಮುದುಕಿ. “ನಾನು ಲಾಫೋಗಾಗೆ ಹಾಕ್ದೆ. ನಮ್ಮ ಸಭೆಯೋನಲ್ವಾ, ಏನು ಮಾಡೋದು. ನೀನು ಒಳ್ಳೆಯೋನೇ. ಆದ್ರೆ ನಿಂಗೆ ಹಾಕಿದ್ರೆ ಮೇಲೆ ಹೋದ್ಮೇಲೆ ಕೇಳ್ತಾರಲ್ಲ.”

ಇಲಾಲಿಯೋನ ಬಾಯಿಗೆ ಹಾಕಿದ್ದ ಬೀಗದ ಅವಧಿ ಮುಗಿದು ನಾಲ್ಕು ದಿನವಾಗಿತ್ತು. ಮತ ಮತ್ತು ಧರ್ಮದ ವಿಷಯವಾಗಿ, ಮೇಲೆ ಕೇಳುವವರ ವಿಷಯವಾಗಿ, ಒಂದು ಗಂಟೆಯ ಮಾತು ನಾಲಿಗೆಯ ತುದಿಯಲ್ಲಿ ಸಾಲುಗಟ್ಟಿ ನಿಂತಿತು. ಆತ ಉಸಿರೆಳೆದುಕೊಂಡ.

“ಕಾಲು ಅಲ್ಲಾಡಿಸ್ಬೇಡಜ್ಜಿ,” ಎಂದ ಮನಾಸೆ. “ಭಾವ, ಆ ಬೋಗುಣಿ ಸ್ವಲ್ಪ ಕೆಳಗೆ ಹಿಡೀರಿ.”

ಇಲಾಲಿಯೋ ಬೋಗುಣಿಯನ್ನು ಕೆಳಗೆ ಹಿಡಿದ.